ಸೈಯದ್ ಅಬ್ದುಲ್ ರಹೀಮ್

ಸೈಯದ್ ಅಬ್ದುಲ್ ರಹೀಮ್ (17 ಆಗಸ್ಟ್ 1909 – 11 ಜೂನ್ 1963) ಅವರು ಹೈದರಾಬಾದಿನ ಫುಟ್‌ಬಾಲ್ ಆಟಗಾರರು, ಶಾಲಾ ಶಿಕ್ಷಕರು ಮತ್ತು ಭಾರತ ರಾಷ್ಟ್ರೀಯ ಫುಟ್‌ಬಾಲ್ ತಂಡದ ತರಬೇತುದಾರರಾಗಿದ್ದರು. ಅವರ ಮಾರ್ಗದರ್ಶನದಲ್ಲಿ ಭಾರತ ತಂಡವು 1951ರಲ್ಲಿ ದೆಹಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ನಡೆದ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವು ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಉಪಾಂತ್ಯ ತಲುಪಿದ ಏಷ್ಯಾದ ಮೊದಲ ತಂಡ ಅದು. ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತುದಾರರಾಗಿ ಅವರು 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆಲ್ಲಿಸಿಕೊಟ್ಟರು. ಆಟಗಾರರು ಹಾಗೂ ಕ್ರೀಡಾಭಿಮಾನಿಗಳ ನಡುವೆ ಅವರು ರಹೀಮ್ ಸಾಹೇಬ್ ಎಂದೇ ಪ್ರಸಿದ್ಧರು.

ಬರಿಗಾಲಿನಲ್ಲಿ, ಬಹುಮಟ್ಟಿಗೆ ಒಬ್ಬೊಬ್ಬರ ಕಾಲ್ಚಳಕವನ್ನೇ ನಂಬಿ ಆಡುತ್ತಿದ್ದ ಭಾರತೀಯ ಫುಟ್‌ಬಾಲನ್ನು ಬೂಟು ಧರಿಸಿ ಹನ್ನೊಂದು ಮಂದಿ ಕೂಡಿ ಆಡುವ ಆಟವಾಗಿ ಬದಲಿಸಿದವರಲ್ಲಿ ರಹೀಮ್ ಅವರ ಹೆಸರು ಮೊದಲನೆಯದು. ಅವರ ಕಾಲದ ಸಾಧನೆಯನ್ನು ಭಾರತ ಫುಟ್‌ಬಾಲ್ ಮತ್ತೆ ಮುಟ್ಟಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ರಹೀಮ್ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯ ಸಂಸ್ಥಾನದ ರಾಜಧಾನಿ. ತೆಲಂಗಾಣ ಮತ್ತು ಮರಾಠವಾಡದ ಜಿಲ್ಲೆಗಳೊಂದಿಗೆ ಕನ್ನಡ ನಾಡಿನ ಗುಲಬರ್ಗಾ (ಇಂದಿನ ಕಲಬುರಗಿ), ಬೀದರ್ ಮತ್ತು ರಾಯಚೂರು ಜಿಲ್ಲೆಗಳೂ ಈ ಸಂಸ್ಥಾನಕ್ಕೆ ಸೇರಿದ್ದವು. ಆದುದರಿಂದ ರಹೀಮ್ ಅವರ ಜೀವನದ ಮೊದಲ ನಾಲ್ಕು ದಶಕಗಳ ಹಿನ್ನೆಲೆ ಇಂದಿನ ಕಲ್ಯಾಣ ಕರ್ನಾಟಕದ ಇತಿಹಾಸದೊಂದಿಗೆ ಕೂಡಿಕೊಂಡಿದೆ.

ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಕಲಾ ಪದವಿ ಪಡೆದರು. 1918ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದನ್ನು, ಅಂದರೆ ಉರ್ದುವನ್ನು, ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿಕೊಂಡ ಮೊದಲ ವಿಶ್ವವಿದ್ಯಾಲಯ. ತಾಯ್ನುಡಿಯಲ್ಲಿ ವಿಷಯವನ್ನು ಬಿಡಿಸಿ ಹೇಳುವ ಅಭ್ಯಾಸ ರಹೀಮ್ ಅವರಿಗೆ ಮುಂದೆ ತರಗತಿಯಲ್ಲಿಯೂ ಆಟದ ಮೈದಾನದಲ್ಲಿಯೂ ನೆರವಾಯಿತು.

ಆಟಗಾರರಾಗಿ

ವಿದ್ಯಾರ್ಥಿಯಾಗಿದ್ದಾಗಲೇ ರಹೀಮ್ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ವಿಶ್ವವಿದ್ಯಾಲಯದ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳಿಂದ ಕೂಡಿದ್ದ ಇಲೆವೆನ್ ಹಂಟರ್ಸ್ ತಂಡದಲ್ಲಿ ಅವರು ಹೆಸರು ಮಾಡಿದರು. ಅನಂತರ ನಗರದ ಸ್ಥಳೀಯ ಲೀಗಿನಲ್ಲಿ ಬಲಿಷ್ಠ ತಂಡವೆನಿಸಿದ್ದ ಕಮರ್ ಕ್ಲಬ್ಬಿನ ಪರವಾಗಿ ಆಡಿದರು.

ಆ ಕಾಲದ ಹೈದರಾಬಾದಿನಲ್ಲಿ ಫುಟ್‌ಬಾಲ್ ಬಡಾವಣೆಗಳ ಆಟವಾಗಿತ್ತು. ಹುಡುಗರು ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಆಡಿ ಬೆಳೆಯುತ್ತಿದ್ದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳಿ ಹೋಗುವವನೇ ಒಳ್ಳೆಯ ಆಟಗಾರನೆಂದು ಜನರು ಮೆಚ್ಚುತ್ತಿದ್ದರು. ರಹೀಮ್ ಅವರು ಈ ಆಟದೊಳಗಿನಿಂದಲೇ ಬಂದವರು. ಅದರ ಸೊಗಸನ್ನೂ ಅದರ ಮಿತಿಯನ್ನೂ ಅವರು ಆಟಗಾರರಾಗಿಯೇ ಅರಿತಿದ್ದರು.

ಶಿಕ್ಷಕ ವೃತ್ತಿ

ಪದವಿ ಪಡೆದ ಬಳಿಕ ರಹೀಮ್ ಅವರು ಶಿಕ್ಷಕ ವೃತ್ತಿಯನ್ನು ಆರಿಸಿಕೊಂಡರು. ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ ಮತ್ತು ಚಾದರ್‌ಘಾಟ್ ಪ್ರೌಢಶಾಲೆಗಳಲ್ಲಿ ಅವರು ಸೇವೆ ಸಲ್ಲಿಸಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ಹೊತ್ತರು.

ರಹೀಮ್ ಅವರ ಮುಂದಿನ ಸಾಧನೆಗೆ ಈ ವೃತ್ತಿಯೇ ತಳಹದಿಯಾಯಿತು. ಆಟವನ್ನು ಪಾಠದಂತೆ ಭಾಗ ಮಾಡಿ ಕಲಿಸುವುದು, ಹಿಂದುಳಿದವನ ದೋಷವನ್ನು ಗುರುತಿಸಿ ಅದಕ್ಕೆ ತಕ್ಕ ಅಭ್ಯಾಸ ಕೊಡುವುದು, ಎಲ್ಲರೆದುರು ಹಳಿಯದೆ ಶಿಸ್ತನ್ನು ಉಳಿಸಿಕೊಳ್ಳುವುದು ಇವು ಅವರ ಕ್ರಮದಲ್ಲಿ ಎದ್ದು ಕಾಣುವ ಗುಣಗಳು.

ಹೈದರಾಬಾದ್ ಫುಟ್‌ಬಾಲ್ ಸಂಸ್ಥೆ

1943ರಲ್ಲಿ ರಹೀಮ್ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಭಾಷಾವಾರು ಪ್ರಾಂತ್ಯ ರಚನೆಯ ಬಳಿಕ ರೂಪುಗೊಂಡ ಆಂಧ್ರಪ್ರದೇಶದ ಸಂಸ್ಥೆಯಲ್ಲಿಯೂ ಅವರ ಸೇವೆ ಮುಂದುವರಿಯಿತು. ಆಡಳಿತಗಾರರಾಗಿ ಅವರು ಕೈಗೊಂಡ ಕಾರ್ಯಗಳಲ್ಲಿ ಕಿರಿಯರ ಪಂದ್ಯಾವಳಿಗಳು ವಿಶೇಷವಾದವು.

ಅವರು ಏರ್ಪಡಿಸುತ್ತಿದ್ದ ಕೆಲವು ಪಂದ್ಯಾವಳಿಗಳ ನಿಯಮಗಳೇ ಬೇರೆಯಾಗಿದ್ದವು. ಒಂದು ಬಗೆಯ ಪಂದ್ಯದಲ್ಲಿ ಚೆಂಡನ್ನು ಉರುಳಿಸಿಕೊಂಡು ಎದುರಾಳಿಯನ್ನು ದಾಟುವುದು ನಿಷಿದ್ಧವಾಗಿತ್ತು. ಚೆಂಡು ಬಂದೊಡನೆ ಜೊತೆಗಾರನಿಗೆ ಕೊಡಲೇಬೇಕಿತ್ತು. ಇನ್ನೊಂದು ಬಗೆಯ ಪಂದ್ಯದಲ್ಲಿ ಆಟಗಾರನು ತನ್ನ ದುರ್ಬಲವಾದ ಕಾಲನ್ನೇ ಬಳಸಬೇಕಿತ್ತು. ಮೊದಲ ನಿಯಮದಿಂದ ಚೆಂಡು ಬರುವ ಮುನ್ನವೇ ತಲೆಯೆತ್ತಿ ಜೊತೆಗಾರನನ್ನು ನೋಡುವ ಅಭ್ಯಾಸವಾಗುತ್ತಿತ್ತು. ಎರಡನೆಯದರಿಂದ ಎರಡೂ ಕಾಲುಗಳು ಸಮನಾಗಿ ಪಳಗುತ್ತಿದ್ದವು. ಹೈದರಾಬಾದಿನ ಆಟಗಾರರು ಮುಂದೆ ದೇಶದಾದ್ಯಂತ ಗಳಿಸಿದ ಹೆಸರಿಗೆ ಇಂಥ ಅಭ್ಯಾಸವೂ ಒಂದು ಕಾರಣ.

1956 ಮತ್ತು 1957ರಲ್ಲಿ ಹೈದರಾಬಾದ್ ತಂಡವು ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಸತತ ಎರಡು ಬಾರಿ ಗೆದ್ದಿತು. ಎರಡು ಬಾರಿಯೂ ಅಂತಿಮ ಪಂದ್ಯದ ಎದುರಾಳಿ ಮುಂಬಯಿ ತಂಡವಾಗಿತ್ತು.

ಹೈದರಾಬಾದ್ ನಗರ ಪೊಲೀಸ್ ತಂಡ

ಹೈದರಾಬಾದ್ ನಗರ ಪೊಲೀಸ್ ತಂಡವು ರಹೀಮ್ ಅವರು ಬರುವ ಮೊದಲೇ ದಕ್ಷಿಣ ಭಾರತದಲ್ಲಿ ಹೆಸರು ಪಡೆದಿತ್ತು. 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಗೆದ್ದುದು ಆ ತಂಡದ ಮೊದಲ ದೊಡ್ಡ ಗೆಲುವುಗಳಲ್ಲಿ ಒಂದು. ಆದರೆ ದೇಶದ ಫುಟ್‌ಬಾಲ್ ಆಗ ಬಹುಮಟ್ಟಿಗೆ ಕಲ್ಕತ್ತದ ಕ್ಲಬ್ಬುಗಳ ಹಿಡಿತದಲ್ಲಿತ್ತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್ ತಂಡಗಳು ದಕ್ಷಿಣದ ಒಳ್ಳೆಯ ಆಟಗಾರರನ್ನು ತಮ್ಮತ್ತ ಸೆಳೆದುಕೊಳ್ಳುತ್ತಿದ್ದವು.

1950ರಲ್ಲಿ ರಹೀಮ್ ಅವರು ಪೊಲೀಸ್ ತಂಡದ ತರಬೇತಿಯ ಹೊಣೆ ಹೊತ್ತರು. ಹೈದರಾಬಾದ್ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನಗೊಂಡು ಆಗಿನ್ನೂ ಎರಡು ವರ್ಷವಾಗಿತ್ತು. ಅದೇ ವರ್ಷ ತಂಡವು ದೆಹಲಿಯಲ್ಲಿ ನಡೆದ ಡ್ಯುರಾಂಡ್ ಕಪ್ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನನ್ನು ಸೋಲಿಸಿತು. ಮುಂಬಯಿಯ ರೋವರ್ಸ್ ಕಪ್ಪನ್ನೂ ಗೆದ್ದುಕೊಂಡಿತು. ಆ ಕಪ್ ಮುಂದಿನ ನಾಲ್ಕು ವರ್ಷಗಳಲ್ಲಿಯೂ ಹೈದರಾಬಾದಿಗೇ ಬಂದಿತು.

ರೋವರ್ಸ್ ಕಪ್ ಪಂದ್ಯಾವಳಿಯಲ್ಲಿ ಮೊದಲು ಬ್ರಿಟಿಷ್ ಸೇನಾ ತಂಡಗಳದೇ ಮೇಲುಗೈ ಇತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. 1938ರಲ್ಲಿಯೂ ಅದೇ ತಂಡ ಗೆದ್ದಿತು. ದಕ್ಷಿಣದ ತಂಡಗಳಿಗೆ ಬೆಂಗಳೂರು ತೆರೆದ ಆ ದಾರಿಯಲ್ಲಿ ಹೈದರಾಬಾದ್ ಬಹುದೂರ ಸಾಗಿತು.

ರಹೀಮ್ ಅವರ ಅವಧಿಯಲ್ಲಿ ಪೊಲೀಸ್ ತಂಡವು ಡ್ಯುರಾಂಡ್ ಕಪ್ಪನ್ನು 1950, 1954 ಮತ್ತು 1957ರಲ್ಲಿಯೂ, ಆಂಧ್ರಪ್ರದೇಶ ಪೊಲೀಸ್ ಎಂಬ ಹೊಸ ಹೆಸರಿನಲ್ಲಿ 1961ರಲ್ಲಿಯೂ ಗೆದ್ದಿತು. 1954ರ ಅಂತಿಮ ಪಂದ್ಯದ ಎದುರಾಳಿ ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ತಂಡವಾಗಿತ್ತು. ನೂರ್ ಮೊಹಮ್ಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್ ಮೊದಲಾದ ಹೈದರಾಬಾದಿನ ಆಟಗಾರರು ಈ ಕಾಲದಲ್ಲಿ ರಾಷ್ಟ್ರೀಯ ತಂಡಕ್ಕೆ ಏರಿದರು.

ತರಬೇತಿಯ ಕ್ರಮ

ರಹೀಮ್ ಅವರ ತರಬೇತಿಯಲ್ಲಿ ಮೂರು ಅಂಶಗಳು ಮುಖ್ಯವಾಗಿದ್ದವು. ಮೊದಲನೆಯದು ದೈಹಿಕ ಸಾಮರ್ಥ್ಯ. ದೈಹಿಕ ಶಿಕ್ಷಣದ ತರಬೇತಿ ಪಡೆದಿದ್ದ ಅವರು ಆಟಗಾರರ ಓಟ, ಉಸಿರು ಮತ್ತು ವಿಶ್ರಾಂತಿಯ ಬಗ್ಗೆ ಕ್ರಮಬದ್ಧವಾದ ನಿಯಮಗಳನ್ನು ತಂದರು. ಎರಡನೆಯದು ಚಿಕ್ಕ ಪಾಸುಗಳ ಆಟ. ಯುರೋಪಿನ ಆಟಗಾರರಿಗೆ ಹೋಲಿಸಿದರೆ ಭಾರತೀಯರ ಎತ್ತರವೂ ಮೈಕಟ್ಟೂ ಕಡಿಮೆ. ಆದ್ದರಿಂದ ಮೈಗೆ ಮೈ ತಾಗಿಸುವ ಪೈಪೋಟಿಯನ್ನು ತಪ್ಪಿಸಿ, ಚೆಂಡನ್ನು ನೆಲದ ಮೇಲೆಯೇ ಬೇಗ ಬೇಗ ಸಾಗಿಸುವುದು ಲೇಸೆಂದು ಅವರು ಎಣಿಸಿದ್ದರು. ಮೂರನೆಯದು ಆಟಗಾರರ ಸ್ಥಾನಗಳ ಮರುವಿಂಗಡಣೆ.

ಭಾರತದ ತಂಡಗಳು ಬಹುಕಾಲದಿಂದ ಹಿಂದೆ ಇಬ್ಬರು ರಕ್ಷಕರು, ನಡುವೆ ಮೂವರು, ಮುಂದೆ ಐವರು ಎಂಬ ಹಳೆಯ ವಿನ್ಯಾಸದಲ್ಲಿ ಆಡುತ್ತಿದ್ದವು. ಇದರಲ್ಲಿ ಎದುರಾಳಿಯು ವೇಗವಾಗಿ ದಾಳಿ ಮಾಡಿದಾಗ ಹಿಂಭಾಗ ತೆರವಾಗಿ ಉಳಿಯುತ್ತಿತ್ತು. 1953ರಲ್ಲಿ ಹಂಗೇರಿ ತಂಡವು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿ ಫುಟ್‌ಬಾಲ್ ಜಗತ್ತನ್ನು ಬೆರಗುಗೊಳಿಸಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಆಟಗಾರನು ಮುಂದೆಯೇ ನಿಲ್ಲದೆ ಹಿಂದಕ್ಕೆ ಸರಿದು ಆಡುತ್ತಿದ್ದುದು ಇಂಗ್ಲೆಂಡಿನ ರಕ್ಷಕರನ್ನು ಗೊಂದಲಕ್ಕೆ ಈಡುಮಾಡಿತ್ತು. ರಹೀಮ್ ಅವರು ಇಂಥ ಬದಲಾವಣೆಗಳನ್ನು ಗಮನಿಸಿ ತಮ್ಮ ತಂಡಗಳಿಗೆ ಹೊಂದಿಸಿಕೊಂಡರು. ಹಿಂಭಾಗದಲ್ಲಿ ರಕ್ಷಕರ ಸಂಖ್ಯೆ ಹೆಚ್ಚಿಸಿದರು. ಮುಂದಿನ ಸಾಲಿನ ಒಬ್ಬರನ್ನು ಹಿಂದಕ್ಕೆ ಸರಿಸಿ ಆಡಿಸಿದರು. ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ಎಂಬ 4–2–4 ವಿನ್ಯಾಸದಿಂದ ಬ್ರೆಜಿಲ್ 1958ರಲ್ಲಿ ವಿಶ್ವಕಪ್ ಗೆದ್ದಿತು. ಅದಕ್ಕೆ ಮೊದಲೇ ರಹೀಮ್ ಅವರು ಅದಕ್ಕೆ ಹತ್ತಿರವಾದ ಕ್ರಮವನ್ನು ಪ್ರಯೋಗಿಸಿದ್ದರೆಂದು ಕ್ರೀಡಾ ಬರಹಗಾರರು ಗುರುತಿಸುತ್ತಾರೆ.

ರಾಷ್ಟ್ರೀಯ ತಂಡದ ತರಬೇತುದಾರರಾಗಿ

1951ರ ದೆಹಲಿ ಏಷ್ಯನ್ ಕ್ರೀಡಾಕೂಟ

1951ರ ಮಾರ್ಚ್ ತಿಂಗಳಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟವು ದೆಹಲಿಯಲ್ಲಿ ನಡೆಯಿತು. ಸೈಲೇನ್ ಮನ್ನಾ ನಾಯಕತ್ವದ ಭಾರತ ತಂಡಕ್ಕೆ ರಹೀಮ್ ಅವರು ತರಬೇತುದಾರರಾಗಿದ್ದರು. ಭಾರತವು ಇಂಡೋನೇಷ್ಯಾವನ್ನು 3–0ರಿಂದಲೂ ಅಫ್ಘಾನಿಸ್ತಾನವನ್ನು 3–0ರಿಂದಲೂ ಸೋಲಿಸಿ ಅಂತಿಮ ಪಂದ್ಯ ತಲುಪಿತು. ಅಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಮಣಿಸಿತು. ಸ್ವತಂತ್ರ ಭಾರತಕ್ಕೆ ಫುಟ್‌ಬಾಲಿನಲ್ಲಿ ಇದು ಮೊದಲ ದೊಡ್ಡ ಅಂತರರಾಷ್ಟ್ರೀಯ ಗೆಲುವು.

1952ರ ಹೆಲ್ಸಿಂಕಿ ಒಲಿಂಪಿಕ್ಸ್

ಮರುವರ್ಷವೇ ಕಠಿಣವಾದ ಪಾಠವೊಂದು ಕಾದಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವು ಯುಗೊಸ್ಲಾವಿಯಾ ತಂಡವನ್ನು ಎದುರಿಸಿತು. ಭಾರತದ ಹಲವು ಆಟಗಾರರು ಎಂದಿನಂತೆ ಬರಿಗಾಲಿನಲ್ಲಿ ಆಡಿದರು. ಪರಿಚಯವಿಲ್ಲದ ಚಳಿಯಲ್ಲಿ, ಬಲಿಷ್ಠ ಎದುರಾಳಿಯ ಮುಂದೆ ತಂಡವು 1–10ರಿಂದ ಸೋತಿತು. ಭಾರತದ ಏಕೈಕ ಗೋಲನ್ನು ಬೆಂಗಳೂರಿನ ಅಹ್ಮದ್ ಖಾನ್ ಹೊಡೆದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದೇ ಬರಿಗಾಲಿನ ಆಟವು ಫ್ರಾನ್ಸ್ ಎದುರು 1–2ರ ಅಲ್ಪ ಅಂತರದಲ್ಲಿ ಸೋತು ಎಲ್ಲರ ಮೆಚ್ಚುಗೆ ಗಳಿಸಿತ್ತು. ನಾಲ್ಕೇ ವರ್ಷಗಳಲ್ಲಿ ಆ ಮೆಚ್ಚುಗೆ ಅಳಿಸಿಹೋಯಿತು. ಹೆಲ್ಸಿಂಕಿಯ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಆಟಗಾರರು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ರಹೀಮ್ ಅವರ ಪಾಲಿಗೆ ಬೂಟು ಅರ್ಧ ಉತ್ತರ ಮಾತ್ರವಾಗಿತ್ತು. ಇಬ್ಬರು ರಕ್ಷಕರ ಹಳೆಯ ವಿನ್ಯಾಸವನ್ನು ಕೈಬಿಡುವುದು ಉಳಿದ ಅರ್ಧ. ಮುಂದಿನ ನಾಲ್ಕು ವರ್ಷಗಳ ಅವರ ಪರಿಶ್ರಮವೆಲ್ಲ ಈ ಎರಡರ ಸುತ್ತಲೇ ಇತ್ತು.

1956ರ ಮೆಲ್ಬರ್ನ್ ಒಲಿಂಪಿಕ್ಸ್

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದು ಹೈದರಾಬಾದ್ ರಾಜ್ಯವು ಇಲ್ಲವಾಯಿತು. ಗುಲಬರ್ಗಾ, ಬೀದರ್ ಮತ್ತು ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮ್ ಅವರ ತಂಡವು ಮೆಲ್ಬರ್ನಿನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು ಎದುರಿಸಿತು.

ಮೊದಲ ಸುತ್ತಿನ ಎದುರಾಳಿಯಾಗಿದ್ದ ಹಂಗೇರಿ ಸ್ಪರ್ಧೆಯಿಂದ ಹಿಂದೆ ಸರಿದಿದ್ದರಿಂದ ಭಾರತವು ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತ್ತು. ಸಮರ್ ಬ್ಯಾನರ್ಜಿ ಈ ತಂಡದ ನಾಯಕರು. ಮುಂಬಯಿಯ ನೆವಿಲ್ ಡಿಸೋಜಾ ಅವರು ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಏಷ್ಯಾದ ಮೊದಲ ಆಟಗಾರ ಅವರು. ಭಾರತ 4–2ರಿಂದ ಗೆದ್ದಿತು.

ಉಪಾಂತ್ಯ ಪಂದ್ಯದಲ್ಲಿ ಎದುರಾದುದು ನಾಲ್ಕು ವರ್ಷ ಹಿಂದೆ ಹತ್ತು ಗೋಲು ಹೊಡೆದಿದ್ದ ಅದೇ ಯುಗೊಸ್ಲಾವಿಯಾ. ಪಂದ್ಯದ ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಎರಡನೆಯ ಅರ್ಧದ ಆರಂಭದಲ್ಲಿ ನೆವಿಲ್ ಡಿಸೋಜಾ ಹೊಡೆದ ಗೋಲಿನಿಂದ ಭಾರತವೇ ಮುನ್ನಡೆ ಪಡೆಯಿತು. ಬಳಿಕ ಯುಗೊಸ್ಲಾವಿಯಾ ಚೇತರಿಸಿಕೊಂಡು 4–1ರಿಂದ ಗೆದ್ದಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ ಎದುರು ಭಾರತ 0–3ರಿಂದ ಸೋತು ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು. ಒಲಿಂಪಿಕ್ಸ್ ಮುಗಿದ ನಂತರ ಸಿಡ್ನಿಯಲ್ಲಿ ನಡೆದ ಸ್ನೇಹಪಂದ್ಯದಲ್ಲಿ ಆಸ್ಟ್ರೇಲಿಯಾವನ್ನು 7–1ರಿಂದ ಸೋಲಿಸಿ ಮೆಲ್ಬರ್ನಿನ ಗೆಲುವು ಆಕಸ್ಮಿಕವಲ್ಲವೆಂದು ತೋರಿಸಿತು.

ಪದಕ ಕೈತಪ್ಪಿದರೂ ರಹೀಮ್ ಅವರ ಕ್ರಮದ ಬೆಲೆ ಈ ಪಂದ್ಯಾವಳಿಯಲ್ಲಿ ಕಂಡುಬಂದಿತು. ಹೆಲ್ಸಿಂಕಿಯಲ್ಲಿ ಹತ್ತು ಗೋಲು ಬಿಟ್ಟುಕೊಟ್ಟ ದೇಶವು ಅದೇ ಎದುರಾಳಿಯ ಮೇಲೆ ಮೆಲ್ಬರ್ನಿನಲ್ಲಿ ಮುನ್ನಡೆ ಸಾಧಿಸಿತ್ತು. ಆ ತಂಡದಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಅಹ್ಮದ್ ಹುಸೇನ್, ತುಳಸಿದಾಸ್ ಬಲರಾಮ್, ಜುಲ್ಫಿಕರುದ್ದೀನ್ ಹೀಗೆ ಹೈದರಾಬಾದ್ ಮತ್ತು ಸಿಕಂದರಾಬಾದಿನ ಹಲವರು ಇದ್ದರು.

1960ರ ರೋಮ್ ಒಲಿಂಪಿಕ್ಸ್

ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಕಠಿಣವಾದ ಗುಂಪು ದೊರೆಯಿತು. ಪಿ. ಕೆ. ಬ್ಯಾನರ್ಜಿ ನಾಯಕತ್ವದ ತಂಡವು ಹಂಗೇರಿ ಎದುರು 1–2ರಿಂದ ಸೋತಿತು. ಫ್ರಾನ್ಸ್ ಜೊತೆ 1–1ರಿಂದ ಸಮ ಮಾಡಿಕೊಂಡಿತು. ಪೆರು ಎದುರು 1–3ರಿಂದ ಸೋತು ಗುಂಪಿನಿಂದ ಹೊರಬಿತ್ತು. ಫ್ರಾನ್ಸ್ ಎದುರಿನ ಪಂದ್ಯದಲ್ಲಿ ಬ್ಯಾನರ್ಜಿ ಅವರ ಗೋಲಿನಿಂದ ಪಡೆದ ಮುನ್ನಡೆಯನ್ನು ಕೊನೆಯ ಹತ್ತು ನಿಮಿಷಗಳಲ್ಲಿ ಕಳೆದುಕೊಂಡಿತು. ಭಾರತ ಫುಟ್‌ಬಾಲ್ ತಂಡವು ಒಲಿಂಪಿಕ್ಸ್‌ನಲ್ಲಿ ಆಡಿದ್ದು ಅದೇ ಕೊನೆಯ ಬಾರಿ.

ಈ ತಂಡದಲ್ಲಿ ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಅವರೂ ಇದ್ದರು. ಆದರೆ ಮೂರು ಪಂದ್ಯಗಳಲ್ಲಿ ಒಂದರಲ್ಲಿಯೂ ಅವರಿಗೆ ಕಣಕ್ಕಿಳಿಯುವ ಅವಕಾಶ ಸಿಗಲಿಲ್ಲ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ

ಇಂಡೋನೇಷ್ಯಾದ ರಾಜಧಾನಿ ಜಕಾರ್ತದಲ್ಲಿ ನಡೆದ ನಾಲ್ಕನೆಯ ಏಷ್ಯನ್ ಕ್ರೀಡಾಕೂಟದ ವೇಳೆಗೆ ರಹೀಮ್ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದರು. ಆದರೂ ಅವರು ತಂಡದೊಡನೆ ಪ್ರಯಾಣ ಮಾಡಿದರು. ಚುನಿ ಗೋಸ್ವಾಮಿ ಈ ತಂಡದ ನಾಯಕರಾಗಿದ್ದರು.

ಮೊದಲ ಪಂದ್ಯದಲ್ಲೇ ಭಾರತವು ದಕ್ಷಿಣ ಕೊರಿಯಾ ಎದುರು 0–2ರಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಥಾಯ್ಲೆಂಡನ್ನು 4–1ರಿಂದ ಸೋಲಿಸಿತಾದರೂ, ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಅವರಿಲ್ಲದೆಯೇ ತಂಡವು ಜಪಾನನ್ನು 2–0ರಿಂದ ಮಣಿಸಿ ಉಪಾಂತ್ಯ ತಲುಪಿತು.

ಇಲ್ಲಿ ರಹೀಮ್ ಅವರು ಯಾರೂ ನಿರೀಕ್ಷಿಸದ ನಿರ್ಧಾರ ತೆಗೆದುಕೊಂಡರು. ಹೊಲಿಗೆ ಹಾಕಿದ ತಲೆಯಿಂದ ರಕ್ಷಣಾ ಸ್ಥಾನದಲ್ಲಿ ಆಡುವುದು ಜರ್ನೈಲ್ ಸಿಂಗ್ ಅವರಿಗೆ ಅಪಾಯಕರವಾಗಿತ್ತು. ಆದರೆ ಅವರ ಎತ್ತರ, ಬಲ ಮತ್ತು ಧೈರ್ಯ ತಂಡಕ್ಕೆ ಬೇಕಾಗಿತ್ತು. ಅವರು ಕಾಲೇಜು ದಿನಗಳಲ್ಲಿ ಮುನ್ಪಡೆಯಲ್ಲಿ ಆಡಿದ್ದರು. ಅದನ್ನು ಅರಿತಿದ್ದ ರಹೀಮ್ ಅವರು ಜರ್ನೈಲ್ ಸಿಂಗ್ ಅವರನ್ನು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳುಹಿಸಿ, ಹಿಂಭಾಗದ ನಡುವಣ ಹೊಣೆಯನ್ನು ಅರುಣ್ ಘೋಷ್ ಅವರಿಗೆ ಒಪ್ಪಿಸಿದರು. ದಕ್ಷಿಣ ವಿಯೆಟ್ನಾಂ ಎದುರಿನ ಉಪಾಂತ್ಯವನ್ನು ಭಾರತ 3–2ರಿಂದ ಗೆದ್ದಿತು. ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದರು.

ಮೈದಾನದ ಹೊರಗೆ ವಾತಾವರಣ ಬಿಗುವಾಗಿತ್ತು. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೋನೇಷ್ಯಾ ವೀಸಾ ನಿರಾಕರಿಸಿತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಭಾರತೀಯ ಸದಸ್ಯ ಜಿ. ಡಿ. ಸೋಂಧಿ ಅವರು ಇದನ್ನು ಆಕ್ಷೇಪಿಸಿದ್ದರು. ಇದರಿಂದ ಕೆರಳಿದ ಜನರು ಭಾರತೀಯ ರಾಯಭಾರ ಕಚೇರಿಯ ಮೇಲೆ ದಾಳಿ ನಡೆಸಿದರು. ಭಾರತೀಯ ಆಟಗಾರರು ಕಣಕ್ಕಿಳಿದಾಗಲೆಲ್ಲ ಪ್ರೇಕ್ಷಕರು ಕೂಗೆಬ್ಬಿಸಿ ಅಣಕಿಸುತ್ತಿದ್ದರು.

ಅಂತಿಮ ಪಂದ್ಯವು 1962ರ ಸೆಪ್ಟೆಂಬರ್ 4ರಂದು ಸೆನಾಯನ್ ಕ್ರೀಡಾಂಗಣದಲ್ಲಿ ನಡೆಯಿತು. ಎದುರಾಳಿ ಮೊದಲ ಪಂದ್ಯದಲ್ಲಿ ಭಾರತವನ್ನು ಸೋಲಿಸಿದ್ದ ಅದೇ ದಕ್ಷಿಣ ಕೊರಿಯಾ. ತಮ್ಮ ಕಾಯಿಲೆಯ ತೀವ್ರತೆ ಬಲ್ಲವರಾಗಿದ್ದ ರಹೀಮ್ ಅವರು ಈ ಒಂದು ಗೆಲುವನ್ನು ತಮಗೆ ಕೊಡುಗೆಯಾಗಿ ಕೊಡಬೇಕೆಂದು ಹುಡುಗರನ್ನು ಕೇಳಿಕೊಂಡದ್ದನ್ನು ಆಟಗಾರರು ಅನಂತರ ಹಲವು ಬಾರಿ ನೆನೆದಿದ್ದಾರೆ. ಗೋಲ್‌ಕೀಪರ್ ಸ್ಥಾನಕ್ಕೆ ಪ್ರದ್ಯೋತ್ ಬರ್ಮನ್ ಅವರ ಬದಲು ಎತ್ತರದ ನಿಲುವಿನ ಪೀಟರ್ ತಂಗರಾಜ್ ಅವರನ್ನು ಆರಿಸಲಾಯಿತು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, ಅದರ ಬೆನ್ನಿಗೇ ಜರ್ನೈಲ್ ಸಿಂಗ್ ಗೋಲು ಹೊಡೆದರು. ಕೊರಿಯಾ ಕೊನೆಯ ಘಟ್ಟದಲ್ಲಿ ಒಂದು ಗೋಲು ಹಿಂತಿರುಗಿಸಿತು. ಭಾರತ 2–1ರಿಂದ ಗೆದ್ದು ಚಿನ್ನದ ಪದಕ ಪಡೆಯಿತು. ವಿರೋಧದಿಂದ ತುಂಬಿದ್ದ ಆ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಹಾಕಿ ಆಟಗಾರರು ಭಾರತದ ಪರವಾಗಿ ಹುರಿದುಂಬಿಸಿದುದನ್ನೂ ಭಾರತದ ಆಟಗಾರರು ಸ್ಮರಿಸಿಕೊಂಡಿದ್ದಾರೆ.

ಕರ್ನಾಟಕದ ಆಟಗಾರರೊಂದಿಗೆ ನಂಟು

ರಹೀಮ್ ಅವರ ರಾಷ್ಟ್ರೀಯ ತಂಡಗಳಲ್ಲಿ ಬೆಂಗಳೂರಿನ ಆಟಗಾರರಿಗೆ ಮುಖ್ಯವಾದ ಸ್ಥಾನವಿತ್ತು. 1951ರ ಚಿನ್ನದ ತಂಡದಲ್ಲಿಯೂ ಹೆಲ್ಸಿಂಕಿಯಲ್ಲಿಯೂ ಆಡಿದ ಅಹ್ಮದ್ ಖಾನ್ ಅವರು ಈಸ್ಟ್ ಬೆಂಗಾಲ್ ಕ್ಲಬ್ಬಿನ ಪಂಚಪಾಂಡವರೆಂದು ಖ್ಯಾತರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರು. ಟಿ. ಷಣ್ಮುಗಂ ಅವರೂ ಈ ಅವಧಿಯ ತಂಡದಲ್ಲಿದ್ದರು. ಎಂ. ಕೆಂಪಯ್ಯ ಅವರು 1956 ಮತ್ತು 1960ರ ಎರಡು ಒಲಿಂಪಿಕ್ಸ್‌ಗಳಲ್ಲಿ ರಹೀಮ್ ಅವರ ಕೈಕೆಳಗೆ ಮಧ್ಯ ಆಟಗಾರರಾಗಿದ್ದರು. 1962ರ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು.

ದೇಶೀಯ ಕಣದಲ್ಲಿ ಮೈಸೂರು ಮತ್ತು ಹೈದರಾಬಾದ್ ಪ್ರತಿಸ್ಪರ್ಧಿಗಳು. ಮೈಸೂರು ತಂಡವು 1946 ಮತ್ತು 1952ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. ಬಂಗಾಳದ ಹಿಡಿತವನ್ನು ಸಡಿಲಿಸಿದ ದಕ್ಷಿಣದ ಎರಡು ಕೇಂದ್ರಗಳೆಂದು ಈ ಎರಡೂ ನಗರಗಳ ಫುಟ್‌ಬಾಲನ್ನು ಒಟ್ಟಿಗೆ ಹೆಸರಿಸಬಹುದು.

ನಿಧನ

ಜಕಾರ್ತದಿಂದ ಮರಳಿದ ನಂತರ ರಹೀಮ್ ಅವರ ಆರೋಗ್ಯ ಹದಗೆಡುತ್ತ ಹೋಯಿತು. ಚಿನ್ನದ ಪದಕ ಗೆದ್ದ ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ಅವರು ನಿಧನರಾದರು. ಆಗ ಅವರಿಗೆ 53 ವರ್ಷ ವಯಸ್ಸಾಗಿತ್ತು. ಆ ವರ್ಷವೂ ಆಂಧ್ರ ಪೊಲೀಸ್ ತಂಡವು ರೋವರ್ಸ್ ಕಪ್ ಗೆದ್ದಿತು.

ಮಗ ಸೈಯದ್ ಶಾಹಿದ್ ಹಕೀಮ್

ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಅವರು ತಂದೆಯ ಹಾದಿಯಲ್ಲಿಯೇ ನಡೆದರು. ಭಾರತೀಯ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದ ಅವರು ಸರ್ವಿಸಸ್ ತಂಡದ ಪರವಾಗಿ ಆಡಿದರು. ಅಂತರರಾಷ್ಟ್ರೀಯ ರೆಫರಿಯಾಗಿ 1988ರ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಕಾರ್ಯ ನಿರ್ವಹಿಸಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ. ಕೆ. ಬ್ಯಾನರ್ಜಿ ಅವರಿಗೆ ಸಹಾಯಕ ತರಬೇತುದಾರರಾಗಿದ್ದರು. 2017ರಲ್ಲಿ ಅವರಿಗೆ ಧ್ಯಾನ್ ಚಂದ್ ಪ್ರಶಸ್ತಿ ದೊರೆಯಿತು. 2021ರ ಆಗಸ್ಟ್ 22ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಅವರು ಕೊನೆಯುಸಿರೆಳೆದರು. ಹೀಗೆ ಹೈದರಾಬಾದಿನಲ್ಲಿ ಆರಂಭವಾದ ಎರಡು ತಲೆಮಾರುಗಳ ಫುಟ್‌ಬಾಲ್ ಸೇವೆಯು ಹಳೆಯ ಹೈದರಾಬಾದ್ ರಾಜ್ಯದ್ದೇ ಆದ ಇನ್ನೊಂದು ನಗರದಲ್ಲಿ ಮುಕ್ತಾಯಗೊಂಡಿತು.

ಪ್ರಭಾವ ಮತ್ತು ಸ್ಮರಣೆ

ರಹೀಮ್ ಅವರು ಸಿದ್ಧಪಡಿಸಿದ ತಂಡದ ಬಹುಪಾಲು ಆಟಗಾರರನ್ನು ಒಳಗೊಂಡ ಭಾರತವು 1964ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ದೊರೆಯಿತು. ಅಲ್ಲಿಂದಾಚೆಗೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಪುರುಷರ ತಂಡಕ್ಕೆ ಪದಕ ಸಿಕ್ಕಿಲ್ಲ. ಈ ಕೂಟದಲ್ಲಿ ಭಾರತ ಫುಟ್‌ಬಾಲ್ ಗೆದ್ದಿರುವ ಚಿನ್ನದ ಪದಕಗಳು ಎರಡೇ. ಎರಡೂ ರಹೀಮ್ ಅವರ ಕಾಲದವು.

ಇದಕ್ಕೆ ಅವರ ಅಗಲಿಕೆಯೊಂದೇ ಕಾರಣವೆನ್ನಲಾಗದು. ಜಪಾನ್, ಕೊರಿಯಾ, ಇರಾನ್ ಮೊದಲಾದ ದೇಶಗಳು ಮುಂದಿನ ದಶಕಗಳಲ್ಲಿ ತಮ್ಮ ಆಟವನ್ನು ವ್ಯವಸ್ಥಿತವಾಗಿ ಬೆಳೆಸಿಕೊಂಡವು. ಆದರೆ ರಹೀಮ್ ಅವರು ಮಾಡಿದ್ದ ಕಾರ್ಯವೂ ಅಂಥದೇ ಆಗಿತ್ತು. ಶಾಲೆಯ ಹುಡುಗರಿಂದ ಆರಂಭಿಸಿ, ಕ್ಲಬ್ಬಿನ ಮೂಲಕ ರಾಷ್ಟ್ರೀಯ ತಂಡದವರೆಗೆ ಒಂದೇ ಬಗೆಯ ಆಟವನ್ನು ಕಲಿಸುವ ಏಣಿಯನ್ನು ಅವರು ಹೈದರಾಬಾದಿನಲ್ಲಿ ಕಟ್ಟಿದ್ದರು. ಅವರ ನಂತರ ಆ ಏಣಿಯನ್ನು ದೇಶದ ಮಟ್ಟದಲ್ಲಿ ಮುಂದುವರಿಸುವ ಪ್ರಯತ್ನ ನಡೆಯಲಿಲ್ಲ. ಹೈದರಾಬಾದಿನ ಫುಟ್‌ಬಾಲ್ ಸಹ ಕ್ರಮೇಣ ತನ್ನ ಹಿಂದಿನ ಸ್ಥಾನವನ್ನು ಕಳೆದುಕೊಂಡಿತು.

ಕ್ರೀಡಾ ತರಬೇತುದಾರರಿಗೆ ಕೇಂದ್ರ ಸರ್ಕಾರ ನೀಡುವ ದ್ರೋಣಾಚಾರ್ಯ ಪ್ರಶಸ್ತಿಯು ಆರಂಭವಾದದ್ದು 1985ರಲ್ಲಿ, ರಹೀಮ್ ಅವರು ತೀರಿಕೊಂಡು 22 ವರ್ಷಗಳಾದ ಮೇಲೆ. ಬಹುಕಾಲದವರೆಗೆ ಅವರ ಹೆಸರು ಹಳೆಯ ಆಟಗಾರರ ಮತ್ತು ಕ್ರೀಡಾ ಬರಹಗಾರರ ನೆನಪಿನಲ್ಲಿ ಮಾತ್ರ ಉಳಿದಿತ್ತು. 2024ರ ಏಪ್ರಿಲ್‌ನಲ್ಲಿ ತೆರೆಕಂಡ ಮೈದಾನ್ ಎಂಬ ಹಿಂದಿ ಚಲನಚಿತ್ರವು ಅವರ ಜೀವನವನ್ನು ಆಧರಿಸಿದೆ. ಅಮಿತ್ ರವೀಂದರ್‌ನಾಥ್ ಶರ್ಮಾ ನಿರ್ದೇಶಿಸಿದ ಈ ಚಿತ್ರದಲ್ಲಿ ರಹೀಮ್ ಅವರ ಪಾತ್ರವನ್ನು ಅಜಯ್ ದೇವಗನ್ ನಿರ್ವಹಿಸಿದ್ದಾರೆ.

ಪ್ರಮುಖ ಸಾಧನೆಗಳು

ಭಾರತ ರಾಷ್ಟ್ರೀಯ ತಂಡ: ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕ – 1951, 1962, ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ – 1956.

ಹೈದರಾಬಾದ್ ನಗರ ಪೊಲೀಸ್ ಮತ್ತು ಆಂಧ್ರಪ್ರದೇಶ ಪೊಲೀಸ್: ರೋವರ್ಸ್ ಕಪ್ – 1950, 1951, 1952, 1953, 1954, 1957, 1960, 1962 (ಈಸ್ಟ್ ಬೆಂಗಾಲ್ ಜೊತೆ ಜಂಟಿಯಾಗಿ), ಡ್ಯುರಾಂಡ್ ಕಪ್ – 1950, 1954, 1957, 1961.

ಹೈದರಾಬಾದ್ ರಾಜ್ಯ ತಂಡ: ಸಂತೋಷ್ ಟ್ರೋಫಿ – 1956, 1957.